ಗರ್ಭಸ್ಥ ಶಿಶುವೂ ತಾಯಿಯ ಊಟವೂ

ಸಿರೊಟೋನಿನ್ ಎಂದರೆ ಮಿದುಳಿನ ರಾಸಾಯನಿಕವೆಂಬುದು ಲೋಕರೂಢಿ. ಆದರೆ ಪ್ರಾಣಿಭ್ರೂಣದಲ್ಲಿ ನರಗಳು ಮೂಡುವ ಮುನ್ನವೇ ಅದರ ಕಾರ್ಯ ಆರಂಭವಾಗುತ್ತದೆ. ಜೀವಕೋಶಗಳ ಗ್ರಾಹಕಗಳು ಅದರ ಸಂಕೇತವನ್ನು ಹಿಡಿಯುತ್ತವೆ. ಅಂಥ ಒಂದು ಗ್ರಾಹಕವಿಲ್ಲದ ಇಲಿಗಳ ಹೃದಯ ಸರಿಯಾಗಿ ರೂಪುಗೊಳ್ಳದುದು 2000ರಲ್ಲಿ ಕಂಡುಬಂದಿತು. ಮಾಸು ತಾಯಿಯ ಟ್ರಿಪ್ಟೊಫ್ಯಾನಿನಿಂದ ಸಿರೊಟೋನಿನ್ ತಯಾರಿಸಿ ಶಿಶುವಿನ ಮಿದುಳಿಗೆ ಒದಗಿಸುವುದು, ಇಲಿಗಳಲ್ಲಿಯೇ, 2011ರಲ್ಲಿ ತಿಳಿದುಬಂದಿತು. ಟ್ರಿಪ್ಟೊಫ್ಯಾನನ್ನು ದೇಹವು ತಾನೇ ಸೃಷ್ಟಿಸಲಾರದು. ಅದು ಆಹಾರದಿಂದಲೇ ಬರಬೇಕು.

ಆದುದರಿಂದ ಯಾದಗಿರಿ, ಶಹಾಪುರ, ಸುರಪುರಗಳ ಜೋಳದ ರೊಟ್ಟಿಗೆ ತೊಗರಿಬೇಳೆ, ಹಾಲು ಜೊತೆಯಾಗಲಿ. ಎಲ್ಲರೂ ಉಂಡು ಉಳಿದುದು ಬಸುರಿ ಸೊಸೆಗೆ ಎಂಬ ರೂಢಿ ಅಳಿಯಲಿ. ಶಿಶುವಿನ ಹೃದಯ ರೂಪುಗೊಳ್ಳುವುದು ಮೊದಲ ವಾರಗಳಲ್ಲಿ. ಕುಬಸದ ಹೋಳಿಗೆ ಬರುವುದು ಬಹು ತಡವಾಗಿ. ಇದನ್ನು ಬಾಲಕ ಬಾಲಕಿಯರಿಬ್ಬರಿಗೂ ಬೋಧಿಸುವುದು ಗುರುಗಳ ಕರ್ತವ್ಯ.