ಮೌನವೆಂಬ ಸೂತಕ

ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಶರಣರು ನಿರಾಕರಿಸಿದರು. ಲಿಂಗವಂತರ ಮನೆಗೆ ಸೂತಕವಿಲ್ಲವೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಊರಿನಲ್ಲಿ ಒಬ್ಬರು ತಮ್ಮ ಜೀವವನ್ನು ತಾವೇ ಕಳೆದುಕೊಂಡರೆ ಆ ಮನೆಯ ಹೊಸ್ತಿಲು ತುಳಿಯಲು ಹಿಂಜರಿಯುತ್ತೇವೆ. ಆ ಮನೆಯ ಮಕ್ಕಳೊಡನೆ ಸಂಬಂಧ ಬೆಳೆಸಲು ಹಿಂದೆ ಸರಿಯುತ್ತೇವೆ. ಹೆಸರು ಹೇಳದೆ ನಾವು ಆಚರಿಸುತ್ತಿರುವ ಆರನೆಯ ಸೂತಕವಿದು. ಬದುಕು ಸಾಕೆನಿಸಿದವರು ಈ ಕಳಂಕವನ್ನು ಕಣ್ಣಾರೆ ಕಂಡಿರುತ್ತಾರೆ. ಆದ್ದರಿಂದಲೇ ಅವರು ಬಾಯಿ ಬಿಡುವುದಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ದಾಖಲಾದ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆ ಮೊದಲನೆಯದು, ಅನಾರೋಗ್ಯ ಎರಡನೆಯದು. ಇವೆರಡೂ ಪೊಲೀಸರಿಗಿಂತ, ವೈದ್ಯರಿಗಿಂತ ಮೊದಲೇ ಮನೆಯವರ, ನೆರೆಯವರ ಕಣ್ಣಿಗೆ ಬೀಳುವಂಥವು.

ಚಾಮರಾಜನಗರದಿಂದ ಸತ್ಯಮಂಗಲದತ್ತ ಸಾಗುವ ಹೆದ್ದಾರಿಯಲ್ಲಿ, ಗಡಿಗೆ ಸಮೀಪವಿರುವ ಪುಣಜನೂರಿನ ಸುತ್ತಣ ಬದುಕನ್ನೇ ನೋಡಿ. ಇದು ಕಾಡಂಚಿನ ಬೇಸಾಯ. ಮಳೆ ಕೈಕೊಟ್ಟರೆ ಸಾಲ, ಬೆಳೆ ಬಂದರೆ ಆನೆ-ಹಂದಿಗಳ ಭಯ, ಅದಕ್ಕಾಗಿ ರಾತ್ರಿಯೆಲ್ಲ ಕಾವಲು. ಇಂಥ ಕಡೆ ಮನಸ್ಸಿನ ನೋವು ದೇಹದ ಮಾತಿನಲ್ಲಿ ಬರುತ್ತದೆ. ನಿದ್ರೆಯಿಲ್ಲ, ಎದೆ ಉರಿ, ತಲೆ ಭಾರ, ಊಟ ಸೇರದು ಎಂದು ಜನರು ವೈದ್ಯರ ಬಳಿ ಕಷಾಯ ಕೇಳುತ್ತಾರೆ. ಅದರ ಜೊತೆಗೆ ಮಂಕಾಗಿ ಒಂಟಿಯಾಗಿರುವುದು, ಕುಡಿತ ಹೆಚ್ಚುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, ‘ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ’ ಎನ್ನುವುದು ಕಂಡರೆ ಅದನ್ನು ಬೇಸರದ ಮಾತೆಂದು ತಳ್ಳಿಹಾಕಬಾರದು.

ಹಾಗಾದರೆ ಏನು ಮಾಡಬೇಕು? ನೇರವಾಗಿ ಕೇಳಬೇಕು. ‘ಸಾಯಬೇಕೆಂಬ ಯೋಚನೆ ಬಂದಿದೆಯೇ?’ ಎಂದು ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಅಂಜಿಕೆ ಅನೇಕರಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಇದು ತಪ್ಪು ಕಲ್ಪನೆಯೆಂದು ಸ್ಪಷ್ಟಪಡಿಸಿದೆ. ಕೇಳಿದವರೊಬ್ಬರು ಸಿಕ್ಕರೆಂಬುದೇ ನೊಂದವರಿಗೆ ಅರ್ಧ ಭಾರ ಇಳಿಸುತ್ತದೆ. ಉತ್ತರ ಹೌದೆಂದಾದರೆ ಉಪದೇಶ ಬೇಡ, ಕರ್ಮಫಲದ ಮಾತು ಬೇಡ, ಹೆಂಡತಿ-ಮಕ್ಕಳ ಆಣೆ ಬೇಡ. ಪೂರ್ತಿ ಕೇಳಿಸಿಕೊಳ್ಳಿ, ಅವರನ್ನು ಒಂಟಿಯಾಗಿ ಬಿಡಬೇಡಿ.

ಆಯುರ್ವೇದವನ್ನೇ ಕಾಯಕ ಮಾಡಿಕೊಂಡಿರುವ ನಾವು ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಚರಕಾಚಾರ್ಯರು ದೈವವ್ಯಪಾಶ್ರಯ, ಯುಕ್ತಿವ್ಯಪಾಶ್ರಯಗಳೊಡನೆ ಸತ್ತ್ವಾವಜಯವೆಂಬ ಮನಸ್ಸಿನ ಚಿಕಿತ್ಸೆಯನ್ನೂ ಹೇಳಿದ್ದಾರೆ. ಪೂಜೆ, ಪಥ್ಯ, ಔಷಧಿ ಎಲ್ಲಕ್ಕೂ ಅವುಗಳ ಕಾಲವಿದೆ. ಆದರೆ ಜೀವಕ್ಕೆ ಅಪಾಯವಿರುವ ಗಳಿಗೆಯಲ್ಲಿ ಬ್ರಾಹ್ಮಿ, ಅಶ್ವಗಂಧಗಳನ್ನು ನಂಬಿ ಕೂರುವುದು ವೈದ್ಯಧರ್ಮವಲ್ಲ. ಮನೋವೈದ್ಯರ ಬಳಿಗೆ ಕಳುಹಿಸುವುದೇ ಧರ್ಮ. ಅವರು ಕೊಟ್ಟ ಮಾತ್ರೆಗಳನ್ನು ‘ಇಂಗ್ಲಿಷ್ ಔಷಧಿ, ಉಷ್ಣ’ ಎಂದು ನಡುವೆ ನಿಲ್ಲಿಸಲೂಬಾರದು.

ನೆರವು ದೂರವಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ನೊಂದವರಷ್ಟೇ ಅಲ್ಲ, ಅವರ ಬಗ್ಗೆ ಚಿಂತೆಗೊಂಡವರೂ ಕರೆ ಮಾಡಬಹುದು. ತುರ್ತಾದರೆ 108ರ ಆಂಬುಲೆನ್ಸ್ ಅಥವಾ 112. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮತ್ತು ತಾಲ್ಲೂಕು ಆಸ್ಪತ್ರೆಗಳ ಮಂಗಳವಾರದ ‘ಮನೋಚೈತನ್ಯ’ ಚಿಕಿತ್ಸಾಲಯದ ವಿವರವನ್ನು ನಿಮ್ಮೂರ ಆಶಾ ಕಾರ್ಯಕರ್ತೆಯರಲ್ಲಿ ವಿಚಾರಿಸಿ.

ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಒಯ್ಯಲು ತಡಮಾಡುವವರೂ ಇದ್ದಾರೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲವೇ ಇಲ್ಲ. ಹೆದರಿಕೆಗಾಗಿ ಒಂದು ಗಳಿಗೆಯನ್ನೂ ಕಳೆಯಬೇಡಿ.

ಇನ್ನೊಂದು ಮಾತು ರೈತಬಂಧುಗಳಿಗೆ. ಸಾಯುವ ಆವೇಗ ಬಹಳ ವೇಳೆ ಕೆಲವೇ ಹೊತ್ತಿನದು. ಆ ಹೊತ್ತು ಕಳೆದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು 1995ರಿಂದ ಹಂತಹಂತವಾಗಿ ನಿಷೇಧಿಸಿದ ಮೇಲೆ, ಮುಂದಿನ 20 ವರ್ಷಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡ 70ರಷ್ಟು ಇಳಿಯಿತು. ಬೆಳೆಯ ಔಷಧಿಯನ್ನು ಬೇಕಾದಷ್ಟೇ ತನ್ನಿ. ಉಳಿದುದನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಮನೆಯಲ್ಲಿ ಯಾರಾದರೂ ಕುಗ್ಗಿದ್ದರೆ ಆ ಪೆಟ್ಟಿಗೆಯನ್ನೇ ನೆಂಟರ ಮನೆಗೆ ಸಾಗಿಸಿ.

ಶ್ರೀಮಠದ ಸದ್ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೇ. ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಈ ವಿಷಯ ಒಮ್ಮೆಯಾದರೂ ಬಹಿರಂಗವಾಗಿ ಮಾತಿಗೆ ಬರಲಿ. ದಾಸೋಹದ ಪಂಕ್ತಿಗೆ ಬಾರದೆ ಉಳಿದವರನ್ನು ಹುಡುಕಿಕೊಂಡು ಹೋಗುವ ಇಬ್ಬರು ಪ್ರತಿ ಊರಿನಲ್ಲಿಯೂ ಇರಲಿ. ಇಂಥ ಸಾವು ನಡೆದ ಮನೆಗೆ ಮೊದಲ ದಿನವಷ್ಟೇ ಅಲ್ಲ, ಆರು ತಿಂಗಳ ಮೇಲೂ ಹೋಗಿ ಕುಳಿತು, ತೀರಿಕೊಂಡವರ ಹೆಸರು ಹಿಡಿದು ಮಾತನಾಡಿ. ಹಸಿದವರಿಗೆ ಅನ್ನವಿಕ್ಕುವ ಕೈಗಳು ನೊಂದವರಿಗೆ ಕಿವಿಯನ್ನೂ ಕೊಡಲಿ.