ತಟ್ಟಿ ನೋಡಲಾಗದ ಮಡಕೆ

ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ ನೋಡಿಯೇ ಕೊಳ್ಳುತ್ತಾರೆ. ನಾದ ಒಡಕಾಗಿದ್ದರೆ ಮಡಕೆಯೂ ಒಡಕೇ. ಈ ಪರೀಕ್ಷೆಗೆ ಯಾರ ಪ್ರಮಾಣಪತ್ರವೂ ಬೇಡ. ಪರಿಸರಕ್ಕೆ ಹಾನಿ ತಟ್ಟದಂತೆ ತಯಾರಾದ ಸರಕುಗಳಿಗೆಂದು ಭಾರತ ಸರ್ಕಾರವು 1991ರಲ್ಲಿ 'ಇಕೋಮಾರ್ಕ್' ಎಂಬ ಮುದ್ರೆಯನ್ನು ಜಾರಿಗೆ ತಂದಾಗ, ಅದಕ್ಕೆ ಆರಿಸಿದ ಚಿಹ್ನೆ ಮಣ್ಣಿನ ಮಡಕೆ. ಮಣ್ಣಿನಿಂದ ಹುಟ್ಟಿ ಮಣ್ಣಿಗೇ ಮರಳುವ ವಸ್ತುವಾದ್ದರಿಂದ ಆಯ್ಕೆ ಉಚಿತವಾದುದೇ. ಆದರೆ ಕಾಗದದ ಮೇಲೆ ಅಚ್ಚಾದ ಮಡಕೆಯನ್ನು ತಟ್ಟಿ ನೋಡುವುದು ಹೇಗೆ?

ಈಚೆಗೊಂದು ಸಂಜೆ ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯ ದಿನಸಿ ಅಂಗಡಿಯೊಂದರಲ್ಲಿ ಕುಳಿತು ಸಾಬೂನು, ಎಣ್ಣೆ, ಚಹಾ ಪೊಟ್ಟಣಗಳ ಮೇಲೆ ಆ ಚಿಹ್ನೆಗಾಗಿ ಹುಡುಕಿದೆ. ಒಂದರ ಮೇಲೂ ಕಾಣಲಿಲ್ಲ. ಅಂಗಡಿಯಾತ ನಕ್ಕು, "ಗುರ್ತು ನೋಡ್ಕಂಡು ಯಾರು ತಕ್ಕತ್ತಾರೆ ಮೇಷ್ಟ್ರೆ? ರೇಟ್ ಕೇಳ್ತಾರೆ, ವಾಸ್ನೆ ನೋಡ್ತಾರೆ, ಓಯ್ತಾರೆ" ಎಂದ. ಅವನ ಮಾತು ಮುಗಿಯುವ ಮೊದಲೇ ಒಬ್ಬ ತಾಯಿ ಬಿಸ್ಕತ್ತಿನ ಪೊಟ್ಟಣವನ್ನು ತಿರುಗಿಸಿ, ಅದರ ಮೇಲೆ ಹಸಿರು ಚುಕ್ಕೆಯಿರುವುದನ್ನು ಖಚಿತಪಡಿಸಿಕೊಂಡು ಹಣ ಕೊಟ್ಟರು. ಗುರುತನ್ನು ಜನ ನೋಡುವುದೇ ಇಲ್ಲವೆಂಬ ಮಾತು ಹಾಗಾದರೆ ಪೂರ್ತಿ ನಿಜವಲ್ಲ. ಯಾವ ಗುರುತನ್ನು ನೋಡುತ್ತಾರೆ, ಯಾವುದನ್ನು ನೋಡುವುದಿಲ್ಲ ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಪರಿಸರ ಮುದ್ರೆಯ ಕಲ್ಪನೆ ನಮ್ಮಲ್ಲಿ ಮೊದಲು ಹುಟ್ಟಿದ್ದಲ್ಲ. 1978ರಲ್ಲಿಯೇ ಪಶ್ಚಿಮ ಜರ್ಮನಿಯು 'ನೀಲಿ ದೇವತೆ'ಯೆಂಬ ಚಿಹ್ನೆಯನ್ನು ಹೊರತಂದಿತು. ಉತ್ತರ ಯೂರೋಪಿನ ದೇಶಗಳ ಚಿಹ್ನೆ ಹಂಸ. ಈ ಹಂಸದ ಗುರುತುಳ್ಳ ಶೌಚಾಲಯದ ಕಾಗದಕ್ಕೆ ಡೆನ್ಮಾರ್ಕಿನ ಗೃಹಸ್ಥರು ಶೇಕಡ 13ರಿಂದ 18ರಷ್ಟು ಹೆಚ್ಚು ಬೆಲೆ ತೆರಲು ಸಿದ್ಧರಿದ್ದರೆಂದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬೆಳೆಗಾರನಿಗೆ ನ್ಯಾಯವಾದ ಬೆಲೆ ಸಂದಿದೆಯೆಂದು ಸಾರುವ 'ಫೇರ್ ಟ್ರೇಡ್' ಮುದ್ರೆಯನ್ನು ಅಮೆರಿಕದ 26 ಅಂಗಡಿಗಳಲ್ಲಿ ಕಾಫಿಯ ಮೇಲೆ ಹಚ್ಚಿ ಪರೀಕ್ಷಿಸಿದ ಫಲ 2015ರಲ್ಲಿ ಪ್ರಕಟವಾಯಿತು: ಮಾರಾಟ ಸುಮಾರು ಶೇಕಡ 10ರಷ್ಟು ಏರಿತ್ತು. ಆದರೆ ಅದೇ ಮುದ್ರೆಯ ಅಗ್ಗದ ಕಾಫಿಗೆ ಶೇಕಡ 9ರಷ್ಟು ಬೆಲೆ ಏರಿಸಿದೊಡನೆ ಮಾರಾಟ ಶೇಕಡ 30ರಷ್ಟು ಕುಸಿಯಿತು. ಮನಸ್ಸು ಒಲಿದರೂ ಕೈಚೀಲ ಒಲಿಯದ ಈ ದೌರ್ಬಲ್ಯ ಬಡ ದೇಶದವರದು ಮಾತ್ರವಲ್ಲ.

ನಮ್ಮ ಮಡಕೆಗೆ ಈ ಪರೀಕ್ಷೆಯ ಅವಕಾಶವೂ ದೊರೆಯಲಿಲ್ಲ. ಮುದ್ರೆ ಪಡೆಯುವುದು ತಯಾರಕನ ಇಚ್ಛೆಗೆ ಬಿಟ್ಟ ವಿಷಯವಾಗಿತ್ತು. ಮುಂದೆ ಬಂದವರು ಕೆಲವೇ ಮಂದಿ. ಗ್ರಾಹಕ ಕೇಳಲಿಲ್ಲವೆಂದು ತಯಾರಕ ಹಚ್ಚಲಿಲ್ಲ. ತಯಾರಕ ಹಚ್ಚಲಿಲ್ಲವೆಂದು ಗ್ರಾಹಕ ಅರಿಯಲಿಲ್ಲ. ಹೀಗೆ ಮೂರು ದಶಕ ಕಳೆದು, 2024ರಲ್ಲಿ ಹಳೆಯ ಯೋಜನೆಯ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು.

ವಿದ್ಯುತ್ ಉಪಕರಣಗಳ ನಕ್ಷತ್ರಗಳ ಕಥೆಯೇ ಬೇರೆ. 2006ರಲ್ಲಿ ಆರಂಭವಾದ ಈ ಗುರುತು 2010ರಿಂದ ಕೆಲವು ಬಗೆಯ ರೆಫ್ರಿಜರೇಟರ್, ಏರ್ ಕಂಡೀಷನರ್ ಮೊದಲಾದವುಗಳಿಗೆ ಕಡ್ಡಾಯವಾಯಿತು. ಈಗ ಚಾಮರಾಜನಗರದ ಅಂಗಡಿಗೆ ಹೋಗುವ ರೈತನೂ "ಎಷ್ಟು ಸ್ಟಾರು?" ಎಂದು ಕೇಳುತ್ತಾನೆ. ಅವನು ಕೇಳುವುದು ಭೂಮಿಯ ಮೇಲಿನ ಕರುಣೆಯಿಂದಲ್ಲ, ಕರೆಂಟ್ ಬಿಲ್ಲಿನ ಭಯದಿಂದ. ಆದರೂ ಭೂಮಿಗೆ ಲಾಭವೇ. ಹಸಿರು ಚುಕ್ಕೆಯೂ ಕಡ್ಡಾಯವಾದದ್ದು. ಅದು ಉಣ್ಣುವವರ ನೇಮವನ್ನು ಮುಟ್ಟುತ್ತದೆ. ಎಲ್ಲ ಪೊಟ್ಟಣಗಳ ಮೇಲೂ ಇದ್ದು, ಕೊಳ್ಳುವವನ ಬದುಕಿಗೆ ನೇರವಾಗಿ ತಾಗುವ ಗುರುತು ಮಾತ್ರ ಕೊಳ್ಳುವಿಕೆಯನ್ನು ತಿದ್ದಬಲ್ಲದು ಎಂದು ಇದರಿಂದ ನನಗೆ ತೋರುತ್ತದೆ.

ಇದು ಕೇವಲ ಗ್ರಾಹಕನ ಮನಶ್ಶಾಸ್ತ್ರದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಈ ಸೀಮೆಯ ಹೊಲಗಳಲ್ಲಿ ಅರಿಸಿನ ಬೆಳೆಯುತ್ತದೆ. ರಾಸಾಯನಿಕವನ್ನು ಬಿಟ್ಟು ಬೆಳೆಯಹೊರಟವನು ಸಾವಯವ ಪ್ರಮಾಣಪತ್ರಕ್ಕಾಗಿ ಎರಡು ಮೂರು ವರ್ಷ ಕಾಯಬೇಕು, ದಾಖಲೆ ಇಡಬೇಕು, ತಪಾಸಣೆಗೆ ಒಳಗಾಗಬೇಕು. ಮುದ್ರೆಯಿಲ್ಲದೆ ಮಂಡಿಗೆ ಹೋದರೆ ಅವನ ಅರಿಸಿನವೂ ಉಳಿದವರ ಅರಿಸಿನದ ರಾಶಿಯಲ್ಲಿ ಒಂದಾಗಿಬಿಡುತ್ತದೆ. ಅಂಗಡಿಯಲ್ಲಿ ಕಣ್ಣಿಗೆ ಒಪ್ಪುವುದು ಕಡು ಹಳದಿಯ ಪುಡಿ. ಬಣ್ಣ ಬೆರೆಸಿದವನಿಗೇ ಅದರಿಂದ ಅನುಕೂಲ. ಮುದ್ರೆಯನ್ನು ನಾವು ನೋಡದಿದ್ದಾಗ ಸೋಲುವವನು ಅದನ್ನು ಅಚ್ಚುಹಾಕಿದ ಅಧಿಕಾರಿಯಲ್ಲ. ಪ್ರಾಮಾಣಿಕವಾಗಿ ಬೆಳೆದ ಒಕ್ಕಲಿಗ.

ಹಾಗೆಂದು ಮುದ್ರೆಯೊಂದೇ ನಂಬಿಕೆಯ ದಾರಿಯಲ್ಲ. ಸಣ್ಣ ಬೆಳೆಗಾರನು ತಾನೇ ಬಳಕೆದಾರನಿಗೆ ನೇರವಾಗಿ ಮಾರುವುದಾದರೆ ಸಾವಯವ ಪ್ರಮಾಣಪತ್ರದಿಂದ ವಿನಾಯಿತಿಯುಂಟೆಂದು ನಮ್ಮ ಕಾನೂನೇ ಹೇಳುತ್ತದೆ. ಮುಖ ಕಂಡು ಕೊಳ್ಳುವಲ್ಲಿ ಮುದ್ರೆ ಅನಾವಶ್ಯಕವೆಂಬ ಹಳ್ಳಿಯ ವಿವೇಕವನ್ನು ಕಾನೂನು ಒಪ್ಪಿಕೊಂಡಂತಾಯಿತು. ಆದರೆ ಚಂದಕವಾಡಿಯ ಬೆಳೆಗಾರನ ಮುಖ ಬೆಂಗಳೂರಿನ ಗ್ರಾಹಕನಿಗೆ ಕಾಣದು. ಆ ದೂರವನ್ನು ತುಂಬಲು ಮುದ್ರೆ ಬೇಕೇ ಬೇಕು.

ಆದ್ದರಿಂದ ಮುದ್ರೆ ವ್ಯರ್ಥವೆಂದು ನಾನು ಹೇಳಲಾರೆ. ಸಾಧ್ಯವಿರುವಲ್ಲಿ ಅದು ಕಡ್ಡಾಯವಾಗಲಿ. ಸಣ್ಣ ರೈತನ ಪ್ರಮಾಣಪತ್ರದ ವೆಚ್ಚವನ್ನು ಸಮಾಜ ಹೊರಲಿ. ಅದರ ಅರ್ಥವನ್ನು ಶಾಲೆಯ ಮಕ್ಕಳು ಅಂಗಡಿಯಲ್ಲಿಯೇ ನಿಂತು ಕಲಿಯಲಿ. ತಟ್ಟಿ ನೋಡಲು ನಮಗೆ ಬಾರದಿದ್ದರೆ, ನಮ್ಮ ಪರವಾಗಿ ತಟ್ಟಿ ನೋಡಿದವರು ಯಾರೆಂಬುದಾದರೂ ತಿಳಿದಿರಬೇಕು.