ಹೆಣ್ಣುಮಗಳ ಕೈಯಲ್ಲಿ ಕ್ಯಾಮೆರಾ

ನಮ್ಮ ಹೈಸ್ಕೂಲಿನ ಹಳೆಯ ವಿದ್ಯಾರ್ಥಿನಿಯರೂ ತಾಯ್ತಂದೆಗಳೂ ಈ ಸ್ಮರಣ ಸಂಚಿಕೆಯಲ್ಲಿ ಸಾಮಾನ್ಯವಾಗಿ ಹುಡುಕುವುದು ಉಪಾಧ್ಯಾಯಿನಿಯರಾಗಿಯೂ ದಾದಿಯರಾಗಿಯೂ ಇಲ್ಲಿಂದ ಹೊರಟುಹೋದ ನಮ್ಮ ಮಕ್ಕಳ ವರ್ತಮಾನವನ್ನು. ಈ ಸಲ ನಾವು ಬೇರೊಂದು ವಿಷಯವನ್ನು ಅವರ ಮುಂದಿಡಲು ಅಪೇಕ್ಷಿಸುತ್ತೇವೆ. ಕಳೆದ ಮಳೆಗಾಲದಲ್ಲಿ ವಾಮದಪದವಿನ ತಂದೆಯೊಬ್ಬರು ನಮ್ಮನ್ನು ಕಾಣಲು ಬಂದರು. ಅವರ ಮಗಳು ನಮ್ಮ ಬೋರ್ಡಿಂಗಿನಲ್ಲಿದ್ದು ಹತ್ತನೆಯ ತರಗತಿಯನ್ನು ಮುಗಿಸಿದವಳು. ಈಗ ಜಿಲ್ಲೆಯ ಒಂದು ಕಾಲೇಜಿನಲ್ಲಿ ಪತ್ರಿಕೋದ್ಯಮವನ್ನು ಓದುತ್ತಿದ್ದಾಳೆ. ಅವಳ ತರಗತಿಗೆ ವಿಡಿಯೋ ಪತ್ರಿಕೋದ್ಯಮವೆಂಬ ಪಾಠವೊಂದಿದೆ.

“ಟೀಚರೇ, ಬರೆಯುವುದನ್ನು ಕಲಿಯಲಿ ಎಂದು ಕಳುಹಿಸಿದೆವು. ಈಗ ನೋಡಿದರೆ ಕ್ಯಾಮೆರಾ ಹಿಡಿದುಕೊಂಡು ಮನೆಮನೆ ತಿರುಗುತ್ತಾಳೆ. ಬೇರೆ ವಿಷಯ ತೆಗೆದುಕೊಳ್ಳುವ ಹಾಗೆ ನೀವೇ ಒಂದು ಮಾತು ಹೇಳಬೇಕು” ಎಂದು ಅವರು ಕೇಳಿಕೊಂಡರು. ಅವರು ಮಗಳ ಮೇಲೆ ಕೋಪಗೊಂಡು ಬಂದವರಲ್ಲ, ಅಂಜಿ ಬಂದವರು. ಆ ಅಂಜಿಕೆ ಅವರೊಬ್ಬರದೇ ಅಲ್ಲವೆಂದು ಬಲ್ಲೆವಾದುದರಿಂದ, ಅಂದು ಅವರಿಗೆ ನಾಲ್ಕು ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಮೊದಲು ಆ ಪಾಠದಲ್ಲಿ ಕಲಿಸುವುದೇನೆಂಬುದನ್ನು ತಿಳಿಯಬೇಕು. ಅದಕ್ಕಾಗಿ ನಾವು ಹುಡುಗಿಯನ್ನೇ ಕರೆದು ಕೇಳಿದೆವು. ಅವಳು ಹೇಳಿದ ಪ್ರಕಾರ, ಮೊದಲ ವಾರವೆಲ್ಲಾ ಹೋದದ್ದು ಕೈ ಅಲುಗದಂತೆ ನಿಲ್ಲುವುದರಲ್ಲಿ. ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ, ಒಂದು ನೋಟವನ್ನು ಎಣಿಸಿ ಹತ್ತು ಸೆಕೆಂಡುಗಳ ಕಾಲ ಅತ್ತಿತ್ತ ತಿರುಗಿಸದೆ ಹಿಡಿಯಬೇಕು. ಒಂದೇ ಕೆಲಸವನ್ನು ದೂರದಿಂದ ಒಮ್ಮೆ, ನಡುವಿನಿಂದ ಒಮ್ಮೆ, ತೀರ ಹತ್ತಿರದಿಂದ ಒಮ್ಮೆ ಚಿತ್ರಿಸಬೇಕು. ಬಿಳಿಯದು ಬಿಳಿಯದಾಗಿಯೇ ಕಾಣುವಂತೆ ಕ್ಯಾಮೆರಾದ ಮುಂದೆ ಬಿಳಿಯ ಕಾಗದವೊಂದನ್ನು ಹಿಡಿದು ಬಣ್ಣವನ್ನು ಸರಿಪಡಿಸಿಕೊಳ್ಳಬೇಕು. ಚಿತ್ರ ಎಷ್ಟು ಚೆನ್ನಾಗಿದ್ದರೂ ಮಾತು ಕೇಳಿಸದೆ ಹೋದರೆ ಕೆಲಸವೆಲ್ಲ ವ್ಯರ್ಥ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಅವಳು ತೆಗೆದುಕೊಂಡ ಮೊದಲನೆಯ ಸಂದರ್ಶನದಲ್ಲಿ ಮಳೆಯಲ್ಲದೆ ಬೇರೇನೂ ಕೇಳಿಸಲಿಲ್ಲವಂತೆ. ಕೊನೆಗೆ ಒಂದು ಗಂಟೆಯಷ್ಟು ಚಿತ್ರಿಸಿದ್ದನ್ನು ಕಂಪ್ಯೂಟರಿನ ಮುಂದೆ ಕುಳಿತು ಕತ್ತರಿಸಿ ಮೂರು ನಿಮಿಷಕ್ಕೆ ಇಳಿಸಬೇಕು. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಣಯಿಸುವಲ್ಲಿಯೇ ಒಬ್ಬ ಮನುಷ್ಯನ ಮಾತಿಗೆ ನ್ಯಾಯವಾಗುವುದೂ ಅನ್ಯಾಯವಾಗುವುದೂ ಇದೆ.

ಅವಳಿಗೆ ಬಂದ ದೊಡ್ಡ ಪಾಠವು ಮಾತ್ರ ತರಗತಿಯ ಹೊರಗೆ ಬಂದಿತು. ತಮ್ಮ ತಮ್ಮ ಊರಿನ ಒಂದು ಕಸುಬಿನ ಮೇಲೆ ವರದಿಯನ್ನು ತಯಾರಿಸಿ ತರಬೇಕೆಂದು ಅಧ್ಯಾಪಕರು ಹೇಳಿದ್ದರು. ಬಂಟ್ವಾಳ ಬೆಳ್ತಂಗಡಿಗಳ ಕಡೆಯವರಿಗೆ ಬೀಡಿಯ ಕೆಲಸವನ್ನು ವಿವರಿಸಬೇಕಾಗಿಲ್ಲ. ಎಷ್ಟೋ ಮಕ್ಕಳ ಶಾಲೆಯ ಫೀಸು ಅವರ ತಾಯಂದಿರ ಮಡಿಲಲ್ಲಿರುವ ಆ ತಡಪೆಯಿಂದಲೇ ಹುಟ್ಟಿದೆ. ನಮ್ಮ ಶಾಲೆಯ ಲೆಕ್ಕದ ಪುಸ್ತಕವೂ ಇದಕ್ಕೆ ಸಾಕ್ಷಿ. ಈಕೆಯೂ ನೆರೆಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಗಸರ ಮುಂದೆ ಕ್ಯಾಮೆರಾ ನಿಲ್ಲಿಸಿದಳು. ಕೂಡಲೇ ಅವರಲ್ಲಿ ಹಿರಿಯಳಾದವಳು ಸೆರಗಿನಿಂದ ಮುಖವನ್ನು ಮುಚ್ಚಿಕೊಂಡಳು. ಹುಟ್ಟಿದಂದಿನಿಂದ ತನ್ನನ್ನು ಎತ್ತಿ ಆಡಿಸಿದ ದೊಡ್ಡಮ್ಮ ತನ್ನ ಮುಂದೆಯೇ ಮುಖ ಮುಚ್ಚಿಕೊಂಡದ್ದನ್ನು ಕಂಡು ಹುಡುಗಿಗೆ ನಾಚಿಕೆಯಾಯಿತು. ಅವಳು ಕ್ಯಾಮೆರಾ ಆರಿಸಿ, ಪಕ್ಕಕ್ಕೆ ಹೋಗಿ ಕುಳಿತು, ತಾನೇನು ಮಾಡುತ್ತಿದ್ದೇನೆ, ಇದನ್ನು ಯಾರು ನೋಡುವರು ಎಂಬುದನ್ನು ತುಳುವಿನಲ್ಲಿ ಮೊದಲಿನಿಂದ ತಿಳಿಯಹೇಳಿದಳು. ಎಲ್ಲವನ್ನೂ ಕೇಳಿದ ಮೇಲೆ ಆ ಹೆಂಗಸು, “ಮುಖ ಬೇಡ ಮಗಳೇ, ಬೇಕಾದರೆ ಕೈಯನ್ನು ತೆಗೆ” ಎಂದಳು.

ಆ ಮೂರು ನಿಮಿಷದ ವರದಿಯನ್ನು ನಾವೂ ನೋಡಿದೆವು. ತಗಡಿನ ತುಂಡನ್ನು ಅಳತೆಗೆ ಇಟ್ಟು ಎಲೆಯನ್ನು ಕತ್ತರಿಸುವ ಕೈ, ಹೊಗೆಸೊಪ್ಪನ್ನು ಹರವಿ ಸುರುಳಿ ಸುತ್ತುವ ಕೈ, ತುದಿಯನ್ನು ಮಡಚಿ ನೂಲು ಬಿಗಿಯುವ ಕೈ: ಇಷ್ಟೇ. ಹೆಬ್ಬೆರಳಿನ ತುದಿಯಲ್ಲಿ ಚರ್ಮ ಸವೆದು ಮಿನುಗುವುದು ಕಾಣುತ್ತದೆ. ಅನೇಕ ವರ್ಷಗಳಿಂದ ಆ ಕೆಲಸವನ್ನು ದಿನವೂ ಕಂಡಿರುವ ನಾವೂ ಆ ಬೆರಳನ್ನು ಮೊದಲು ನೋಡಿದ್ದು ಆ ಚಿತ್ರದಲ್ಲಿಯೇ.

ಇನ್ನೊಂದು ಸಂಗತಿ ಉಂಟು. ಮಾತಿನ ನಡುವೆ ಆ ಹೆಂಗಸು, ಕಟ್ಟಿದ ಬೀಡಿಯಲ್ಲಿ ಒಂದಿಷ್ಟನ್ನು ಬ್ರಾಂಚಿನವರು ಸರಿಯಿಲ್ಲವೆಂದು ಎತ್ತಿ ಹಾಕುವ ರೀತಿಯನ್ನು ಕುರಿತು ಖಾರವಾಗಿ ಏನೋ ಹೇಳಿದ್ದಳು. ತರಗತಿಯಲ್ಲಿ ಎಲ್ಲರೂ ಮೆಚ್ಚಿದ ಭಾಗವು ಅದೇ. ಆದರೆ ವರದಿಯನ್ನು ಒಪ್ಪಿಸುವ ಮೊದಲು ಹುಡುಗಿ ಅದನ್ನು ಅದೇ ಜಗಲಿಯಲ್ಲಿ ತೋರಿಸಿದಾಗ, ಆ ಮಾತು ಇರಬಾರದೆಂದು ದೊಡ್ಡಮ್ಮ ಬೇಡಿಕೊಂಡಳು; ಧ್ವನಿಯ ಗುರುತು ಹಿಡಿದರೆ ನಾಳೆ ಎಲೆ ಸಿಗಲಿಕ್ಕಿಲ್ಲವೆಂಬ ಭಯ ಅವಳದು. ಅದನ್ನು ತೆಗೆದರೆ ಸತ್ಯವನ್ನೇ ಬಿಟ್ಟಂತಾಗುವುದಿಲ್ಲವೇ ಎಂದು ತರಗತಿಯಲ್ಲಿ ದೊಡ್ಡ ಚರ್ಚೆಯಾಯಿತಂತೆ. ಕೊನೆಗೆ ಹುಡುಗಿ ಅವಳ ಧ್ವನಿಯನ್ನು ತೆಗೆದುಹಾಕಿ, ಬೇರೆ ಕೆಲವು ಊರುಗಳ ಹೆಂಗಸರನ್ನೂ ವಿಚಾರಿಸಿ, ಬ್ರಾಂಚೊಂದರವರ ಸಮಾಧಾನವನ್ನೂ ಕೇಳಿ ತಿಳಿದು, ಎರಡನ್ನೂ ಯಾರ ಹೆಸರನ್ನೂ ಎತ್ತದೆ ತನ್ನ ಸ್ವಂತ ಮಾತಿನಲ್ಲಿ ಹೇಳಿದಳು. ಇದರಿಂದ ಅವಳ ಕೆಲಸ ಮೂರರಷ್ಟಾಯಿತು. ಆದರೆ ಸತ್ಯವೂ ಉಳಿಯಿತು, ದೊಡ್ಡಮ್ಮನ ಅನ್ನವೂ ಉಳಿಯಿತು.

ಈಗ ತಂದೆಯ ಅಂಜಿಕೆಗೆ ಬರೋಣ. ಅದು ನಿರಾಧಾರವಾದುದೆಂದು ನಾವು ಎಂದೂ ಹೇಳಲಾರೆವು. 2009ನೆಯ ಜನವರಿ 24ರಂದು ಮಂಗಳೂರಿನ ಒಂದು ಪಬ್ಬಿನಲ್ಲಿ ಹೆಣ್ಣುಮಕ್ಕಳನ್ನು ಅಟ್ಟಿಸಿ ಹೊಡೆದದ್ದನ್ನು ದೇಶವೆಲ್ಲ ಟೆಲಿವಿಷನ್ನಿನಲ್ಲಿ ಮತ್ತೆ ಮತ್ತೆ ನೋಡಿತು. 2012ನೆಯ ಜುಲೈ 28ರಂದು ಪಡೀಲಿನ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬಕ್ಕೆ ಕೂಡಿದ್ದ ಯುವಕ ಯುವತಿಯರ ಮೇಲೆ ಗುಂಪು ನುಗ್ಗಿದಾಗಲೂ ಅಲ್ಲಿ ಕ್ಯಾಮೆರಾ ಇತ್ತು. ಅದನ್ನು ಚಿತ್ರಿಸಿದ ವರದಿಗಾರರು ಬಂಧನಕ್ಕೊಳಗಾಗಿ ತಿಂಗಳುಗಟ್ಟಲೆ ಸೆರೆಯಲ್ಲಿದ್ದರು. ಅವರ ಮೇಲಿನ ಮೊಕದ್ದಮೆಯನ್ನು ಸರಕಾರವು 2013ರಲ್ಲಿ ಹಿಂತೆಗೆದುಕೊಂಡಿತು. ಆ ಚಿತ್ರಗಳಿಲ್ಲದಿದ್ದರೆ ನಡೆದ ಅನ್ಯಾಯವೇ ಹೊರಗೆ ಬರುತ್ತಿರಲಿಲ್ಲವೆಂದು ಕೆಲವರು ಹೇಳಿದರು. ಆ ಹೆಣ್ಣುಮಕ್ಕಳ ಮಾನವನ್ನು ಊರಿಗೆಲ್ಲ ಹಂಚಿದಂತಾಯಿತೆಂದು ಬೇರೆ ಕೆಲವರು ಹೇಳಿದರು. ಎರಡು ಮಾತಿನಲ್ಲಿಯೂ ಸತ್ಯವಿದೆ. ಮೊದಲನೆಯ ಮೊಕದ್ದಮೆಯ ಆರೋಪಿಗಳನ್ನು 2018ರಲ್ಲಿಯೂ ಎರಡನೆಯದರ ಆರೋಪಿಗಳನ್ನು 2024ರಲ್ಲಿಯೂ ನ್ಯಾಯಾಲಯಗಳು ಬಿಡುಗಡೆ ಮಾಡಿದವು. ಆ ಹೆಣ್ಣುಮಕ್ಕಳ ಚಿತ್ರಗಳಿಗಾದರೋ ಬಿಡುಗಡೆಯಿಲ್ಲ. ಅವು ಇಂದಿಗೂ ಹುಡುಕಿದವರ ಕೈಗೆ ಸಿಗುತ್ತವೆ.

ಹೀಗಿರಲಾಗಿ, ಮಗಳನ್ನು ಕ್ಯಾಮೆರಾದಿಂದ ದೂರವಿಡುವುದೇ ಕ್ಷೇಮವೆಂದು ತಂದೆಗೆ ತೋರುವುದು ಸಹಜ. ನಮ್ಮ ಅಭಿಪ್ರಾಯ ಹಾಗಲ್ಲ. ಕ್ಯಾಮೆರಾ ಇಂದು ಪ್ರತಿಯೊಬ್ಬರ ಜೇಬಿನಲ್ಲಿಯೂ ಇದೆ. ರಸ್ತೆಯಲ್ಲಿ ಅಪಘಾತವಾದರೆ ಗಾಯಗೊಂಡವನಿಗೆ ನೀರು ಕೊಡುವ ಮುಂಚೆ ಹತ್ತು ಮೊಬೈಲುಗಳು ಮೇಲೇಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆ ಹತ್ತು ಜನರಿಗೂ ಯಾರೂ ಏನನ್ನೂ ಕಲಿಸಿಲ್ಲ. ನಮ್ಮ ಹುಡುಗಿ ತರಗತಿಯನ್ನು ಬಿಟ್ಟಳೆಂದು ಅವಳ ಕಡೆಗೆ ತಿರುಗುವ ಒಂದು ಕ್ಯಾಮೆರಾವೂ ಕಡಿಮೆಯಾಗುವುದಿಲ್ಲ. ಕೇಳಿ ಚಿತ್ರಿಸುವುದನ್ನು ಕಲಿತವರ ಸಂಖ್ಯೆಯಲ್ಲಿ ಮಾತ್ರ ಒಂದು ಕಡಿಮೆಯಾಗುವುದು. ಮುಖ ಮುಚ್ಚಿಕೊಂಡ ಹೆಂಗಸಿನ ಎದುರು ಕ್ಯಾಮೆರಾ ಆರಿಸಬೇಕೆಂದು ಅವಳಿಗೆ ತೋರಿತಲ್ಲ, ಅದು ಎಲ್ಲರಿಗೂ ತೋರುವುದಿಲ್ಲ.

ಅಕ್ಷರದ ವಿಷಯದಲ್ಲಿಯೂ ನಮ್ಮ ಹಿರಿಯರು ಹೀಗೆಯೇ ಅಂಜಿದ್ದರು. ಹುಡುಗಿ ಬರೆಯಲು ಕಲಿತರೆ ಯಾರಿಗೆ ಕಾಗದ ಬರೆದಾಳೋ ಎಂಬ ಮಾತು ಹೆಣ್ಣುಮಕ್ಕಳ ಶಾಲೆಗಳು ತೆರೆದ ಕಾಲದಲ್ಲಿ ಮನೆಮನೆಯಲ್ಲಿಯೂ ಇತ್ತು. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ನೆಯ ಜುಲೈ 1ರಂದು ಇದೇ ಜಿಲ್ಲೆಯಲ್ಲಿ ಹುಟ್ಟಿತು, ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗರು ಅದನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಕನ್ನಡ ನಾಡಿನ ಹೆಂಗಸರು ತಾವೇ ಪತ್ರಿಕೆ ನಡೆಸಲು ಅಲ್ಲಿಂದ ಬಹುಕಾಲ ಹಿಡಿಯಿತು. ನಂಜನಗೂಡು ತಿರುಮಲಾಂಬಾ ಅವರ ‘ಕರ್ನಾಟಕ ನಂದಿನಿ’, 1921ರಲ್ಲಿ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ ಆರಂಭಿಸಿದ ‘ಸರಸ್ವತಿ’, ಇವೆಲ್ಲ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಲೇಖನಿಯ ವಿಷಯದಲ್ಲಿ ಕಳೆದುಕೊಂಡಷ್ಟು ಕಾಲವನ್ನು ಕ್ಯಾಮೆರಾದ ವಿಷಯದಲ್ಲಿಯೂ ಕಳೆದುಕೊಳ್ಳಬೇಕೇ?

ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಹಳ್ಳಿಯ ಹೆಂಗಸರು ಸೇರಿ ‘ಖಬರ್ ಲಹರಿಯಾ’ ಎಂಬ ಪತ್ರಿಕೆಯನ್ನು ಹೊರಡಿಸಿದರು. ಮುಂದೆ ಅವರು ಕಾಗದವನ್ನು ಬಿಟ್ಟು ಮೊಬೈಲಿನಲ್ಲಿಯೇ ಸುದ್ದಿಯನ್ನು ಚಿತ್ರಿಸಲು ಕಲಿತರು. ಅವರನ್ನು ಕುರಿತಾದ ‘ರೈಟಿಂಗ್ ವಿತ್ ಫೈರ್’ ಎಂಬ ಸಾಕ್ಷ್ಯಚಿತ್ರವು 2022ರಲ್ಲಿ ಆಸ್ಕರ್ ಪ್ರಶಸ್ತಿಯ ಅಂತಿಮ ಪಟ್ಟಿಗೆ ಸೇರಿತು. ಲೋಕವೆಲ್ಲ ಅವರನ್ನು ಕೊಂಡಾಡುತ್ತಿರುವಾಗ ಆ ಹೆಂಗಸರು ಮಾತ್ರ, ಚಿತ್ರವು ಮನಮುಟ್ಟುವಂತಿದ್ದರೂ ತಮ್ಮ ಕೆಲಸದ ಒಂದು ಭಾಗವನ್ನೇ ಎತ್ತಿ ತೋರಿಸಿ ತಮ್ಮನ್ನು ಇದ್ದಂತೆ ತೋರಿಸಿಲ್ಲವೆಂದು ಬಹಿರಂಗವಾಗಿ ಹೇಳಿದರು. ಸ್ನೇಹದಿಂದ ಹಿಡಿದ ಕ್ಯಾಮೆರಾದಿಂದಲೂ ಹೀಗಾಗುವುದುಂಟು. ಕತ್ತರಿಸುವವರು ಯಾವುದನ್ನು ಉಳಿಸಿದರು, ಯಾವುದನ್ನು ಬಿಟ್ಟರು ಎಂದು ಕೇಳುವ ಧೈರ್ಯವು ಆ ಹೆಂಗಸರಿಗೆ ಬಂದದ್ದು, ಆ ಕೆಲಸವನ್ನು ತಾವೇ ಬಲ್ಲವರಾದುದರಿಂದಲೂ ಇರಬಹುದೆಂದು ನಾವು ಭಾವಿಸುತ್ತೇವೆ. ಈ ಕಾರಣದಿಂದಲೇ, ಮುಂದೆ ಸುದ್ದಿಯ ಉದ್ಯೋಗಕ್ಕೆ ಹೋಗದವಳಿಗೂ ಈ ಪಾಠ ಪ್ರಯೋಜನವುಳ್ಳದ್ದು.

ತಾಯ್ತಂದೆಗಳು ಕೇಳುವ ಬೇರೆ ಪ್ರಶ್ನೆಗಳೂ ಇವೆ. ಕೆಲಸ ಮುಗಿದು ಕೊನೆಯ ಬಸ್ಸು ತಪ್ಪಿದರೆ ಗತಿಯೇನು? ಸಂಬಳ ಸಿಗುವುದೇ? ಇವು ಹಗುರವಾದ ಪ್ರಶ್ನೆಗಳಲ್ಲ. ಹುಡುಗಿಯರನ್ನು ಹೊರಗೆ ಕಳುಹಿಸುವ ಕಾಲೇಜು ಇಬ್ಬಿಬ್ಬರನ್ನು ಜೊತೆಯಾಗಿ ಕಳುಹಿಸಬೇಕು. ಹೋಗುವ ಸ್ಥಳವನ್ನೂ ಮರಳುವ ಹೊತ್ತನ್ನೂ ಮನೆಯವರಿಗೆ ತಿಳಿಸಬೇಕು. ಇದನ್ನು ಕೇಳುವ ಹಕ್ಕು ತಂದೆತಾಯಿಗಳಿಗಿದೆ, ಕೇಳಲು ಸಂಕೋಚಪಡಬಾರದು. ಸಂಬಳದ ವಿಷಯದಲ್ಲಿ ನಾವು ಆಶ್ವಾಸನೆಯನ್ನು ಕೊಡಲಾರೆವು. ಬೇರೆ ವಿದ್ಯೆಗಳ ವಿಷಯದಲ್ಲಿಯೂ ಯಾರೂ ನಮಗೆ ಆಶ್ವಾಸನೆಯನ್ನು ಕೊಟ್ಟಿರಲಿಲ್ಲ.

ಕಾನೂನನ್ನಂತೂ ಈ ಮಕ್ಕಳು ಮೊದಲೇ ತಿಳಿಯಬೇಕು. ಲೈಂಗಿಕ ಅಪರಾಧಕ್ಕೆ ಗುರಿಯಾದ ಮಗುವಿನ ಗುರುತನ್ನು ಹೊರಗೆಡಹುವುದನ್ನು 2012ರ ಪೋಕ್ಸೋ ಕಾಯಿದೆಯು ನಿಷೇಧಿಸುತ್ತದೆ. ಅತ್ಯಾಚಾರಕ್ಕೆ ಗುರಿಯಾದ ಹೆಣ್ಣಿನ ಹೆಸರನ್ನು ಪ್ರಕಟಿಸುವವರಿಗೆ, 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಂತೆ ಎರಡು ವರ್ಷಗಳ ವರೆಗೆ ಸೆರೆವಾಸವಾಗಬಹುದು. ಮೊಬೈಲಿನಲ್ಲಿ ಬಂದದ್ದನ್ನು ಹಿಂದುಮುಂದು ನೋಡದೆ ಇತರರಿಗೆ ದಾಟಿಸುವ ನಮ್ಮಂಥ ಹಿರಿಯರೂ ಇದನ್ನು ತಿಳಿದಿರುವುದು ಒಳ್ಳೆಯದು.

ಆದರೆ ಕಾನೂನು ಹೇಳುವುದು ಮಾಡಬಾರದ್ದನ್ನು ಮಾತ್ರ. ಸೆರಗು ಮುಖದ ಮೇಲೆ ಬಂದಾಗ ಕ್ಯಾಮೆರಾ ಆರಿಸಬೇಕೆಂದು ಯಾವ ಕಲಮಿನಲ್ಲಿಯೂ ಬರೆದಿಲ್ಲ. ಅದನ್ನು ಕಲಿಸಬೇಕಾದವರು ನಾವು. ಇನ್ನೊಬ್ಬರ ಮನೆಯ ಬಾಗಿಲಲ್ಲಿ ನಿಂತು ಕರೆದು, ಒಳಗಿನಿಂದ ಉತ್ತರ ಬಂದ ಮೇಲೆಯೇ ಹೊಸ್ತಿಲು ದಾಟಬೇಕೆಂದು ನಾವು ಮಕ್ಕಳಿಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದೇವೆ. ಆ ಹುಡುಗಿಯ ಕೈಯನ್ನು ಜಗಲಿಯಲ್ಲಿ ತಡೆದದ್ದು ಬಹುಶಃ ಆ ಮನೆಯ ಪಾಠವೇ. ಇದನ್ನು ಅವಳ ತಂದೆಗೂ ಹೇಳಿದೆವು. ಅವಳು ಕಾಲೇಜಿನಲ್ಲಿ ಕಲಿಯುತ್ತಿರುವುದು ಅವರು ಕಲಿಸಿದ್ದಕ್ಕೆ ವಿರುದ್ಧವಾದುದಲ್ಲವೆಂದೂ ಹೇಳಿದೆವು.

ಅವರು ಬಹಳ ಹೊತ್ತು ಸುಮ್ಮನಿದ್ದು, ಆ ವರದಿಯನ್ನು ತಾವು ಇನ್ನೂ ನೋಡಿಲ್ಲವೆಂದರು. ಮಗಳು ಅದನ್ನು ಜಗಲಿಯ ಹೆಂಗಸರಿಗೆ ತೋರಿಸಿದ್ದಳು, ನಮಗೆ ತೋರಿಸಿದ್ದಳು. ತಂದೆಗೆ ತೋರಿಸಲು ಮಾತ್ರ ಅಂಜಿದ್ದಳು. ಮನೆಗೆ ಹೋಗಿ ಮೊದಲು ಅದನ್ನು ನೋಡಿರಿ, ಆಮೇಲೆ ನಿಶ್ಚಯಿಸಿರಿ ಎಂದು ಹೇಳಿ ಅವರನ್ನು ಬೀಳ್ಕೊಟ್ಟೆವು. ಹುಡುಗಿ ಈಗಲೂ ಆ ತರಗತಿಯಲ್ಲಿಯೇ ಇದ್ದಾಳೆ. ಇಂಥ ಮಕ್ಕಳಿರುವ ಇತರ ತಾಯ್ತಂದೆಗಳಿಗೂ ನಮ್ಮ ವಿಜ್ಞಾಪನೆ ಇದೇ: ಬೇಡವೆನ್ನುವ ಮೊದಲು, ನಿಮ್ಮ ಮಗಳು ಚಿತ್ರಿಸಿದ್ದನ್ನು ಒಮ್ಮೆ ಅವಳ ಪಕ್ಕದಲ್ಲಿ ಕುಳಿತು ನೋಡಿರಿ.